ಜಮೀನಿನ ಜೊತೆ ನಡೆದ ಹೆಸರು
ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನ ಉತ್ತರದಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಸಮೀಪವಾಗಿ, ಆನಿಕ್ ಎಂಬ ಕೋಟೆಯಿದೆ. ಬರೆಯುವಾಗ ಆ ಹೆಸರಿನಲ್ಲಿ ಲಕಾರ, ವಕಾರ ಎರಡೂ ಇರುತ್ತವೆ. ಆಡುವಾಗ ಎರಡನ್ನೂ ನುಂಗಿಬಿಡುತ್ತಾರೆ. 1309ರಲ್ಲಿ ಹೆನ್ರಿ ಪರ್ಸಿ ಎಂಬಾತ ಡರ್ಹ್ಯಾಮಿನ ಬಿಷಪ್ಪರಿಂದ ಇದನ್ನು ಕೊಂಡನು. ಇಂದಿಗೂ ಅಲ್ಲಿರುವವರು ಪರ್ಸಿಗಳೇ. ಏಳುನೂರು ವರ್ಷ ತಂದೆಯಿಂದ ಮಗನಿಗೆ ಇಳಿದು ಬಂದ ಹೆಸರೆಂದು ದಯವಿಟ್ಟು ಭಾವಿಸಬೇಡಿ. ಈ ಹೆಸರು ಜಮೀನಿನ ಜೊತೆ ನಡೆದು ಬಂದದ್ದು.

ಮೂಲದಲ್ಲಿ ಪರ್ಸಿ ಎಂಬುದು ನಾರ್ಮಂಡಿಯ ಒಂದು ಊರು. ಅಲ್ಲಿಂದ ಬಂದವರ ಗಂಡು ಸಂತತಿ 12ನೆಯ ಶತಮಾನದಲ್ಲೇ ನಿಂತುಹೋಗಿ, ಆಗ್ನೆಸ್ ಎಂಬ ಮಗಳು ಆಸ್ತಿಗೆ ಒಡತಿಯಾದಳು. ಅವಳ ಮಗ ತಾಯಿಯ ಮನೆಯ ಹೆಸರನ್ನೇ ಹಿಡಿದನು. 1670ರಲ್ಲಿ ಮತ್ತೆ ಅದೇ ಕಥೆ: ಅರ್ಲ್ ಎಂಬ ಕುಲೀನ ಪದವಿ ಹೊತ್ತ ಹನ್ನೊಂದನೆಯ ಪರ್ಸಿ ತೀರಿಕೊಂಡಾಗ ಉಳಿದವಳು ಮೂರು ವರ್ಷದ ಮಗಳೊಬ್ಬಳೇ. ಅವಳ ಮೊಮ್ಮಗಳು 1740ರಲ್ಲಿ ಮದುವೆಯಾದದ್ದು ಯಾರ್ಕ್‌ಷೈರಿನ ಸರ್ ಹ್ಯೂ ಸ್ಮಿತ್‌ಸನ್‌ನನ್ನು. ಈ ಅಳಿಯ 1750ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಸ್ಮಿತ್‌ಸನ್ ಎಂಬುದನ್ನು ಕಳಚಿಟ್ಟು ಪರ್ಸಿಯಾದನು, 1766ರಲ್ಲಿ ನಾರ್ಥಂಬರ್ಲೆಂಡಿನ ಡ್ಯೂಕನೂ ಆದನು. ಜಮೀನು ಬಂತು, ಹೆಸರು ಬಂತು.

ಕಳಚಿಟ್ಟ ಆ ಹೆಸರು ಎಲ್ಲಿಗೆ ಹೋಯಿತು? ನನಗೆ ಬಹಳ ಪ್ರಿಯವಾದ ಭಾಗವಿದು. ಡ್ಯೂಕನಿಗೆ ವಿವಾಹದಾಚೆ ಜೇಮ್ಸ್ ಎಂಬ ಮಗನಿದ್ದನು. ಅವನಿಗೆ ಪರ್ಸಿಗಳ ಒಂದಡಿ ನೆಲವೂ ಸಿಗಲಿಲ್ಲ, ಆದ್ದರಿಂದ ಪರ್ಸಿ ಎಂಬ ಹೆಸರೂ ಸಿಗಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವನು ತಂದೆ ಬಿಟ್ಟ ಸ್ಮಿತ್‌ಸನ್ ಹೆಸರನ್ನು ಎತ್ತಿಕೊಂಡನು. ಖನಿಜಗಳನ್ನು ಪರೀಕ್ಷಿಸುತ್ತ ಬಾಳಿದ ಈ ವಿಜ್ಞಾನಿ, ತಮ್ಮನ ಮಗನಾದ ವಾರಸುದಾರನಿಗೆ ಮಕ್ಕಳಾಗದಿದ್ದರೆ ತನ್ನ ಸಂಪತ್ತೆಲ್ಲ ತಾನೆಂದೂ ಕಾಣದ ಅಮೆರಿಕಕ್ಕೆ ಸೇರಬೇಕೆಂದೂ, ಅಲ್ಲಿ ತನ್ನ ಹೆಸರಿನ ಜ್ಞಾನಸಂಸ್ಥೆಯೊಂದು ಏಳಬೇಕೆಂದೂ ಉಯಿಲು ಬರೆದು 1829ರಲ್ಲಿ ಜಿನೋವಾದಲ್ಲಿ ಕಣ್ಣುಮುಚ್ಚಿದನು. ಆ ವಾರಸುದಾರನಿಗೆ ಮಕ್ಕಳಾಗಲಿಲ್ಲ. 1838ರಲ್ಲಿ 1,04,960 ಚಿನ್ನದ ಸವರನ್ ನಾಣ್ಯಗಳು 105 ಚೀಲಗಳಲ್ಲಿ ಹಡಗೇರಿದವು. ಮೇಲೆ 8 ಷಿಲಿಂಗ್ 7 ಪೆನ್ನಿ ಚಿಲ್ಲರೆ, ಅದನ್ನೂ ಬಿಡದೆ ಲೆಕ್ಕಕ್ಕೆ ಹಿಡಿದಿದ್ದಾರೆ! ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ 1846ರಲ್ಲಿ ಹುಟ್ಟಿದ್ದು ಈ ಹಣದಿಂದ.

ಸಮಯ ಮೀರುತ್ತಿದೆ. 1403ರಲ್ಲಿ ದೊರೆಯ ವಿರುದ್ಧ ದಂಗೆಯೆದ್ದು ಶ್ರೂಸ್‌ಬರಿ ಕದನದಲ್ಲಿ ಮಡಿದ ಹ್ಯಾರಿ ಪರ್ಸಿಯ ವಿಚಾರ ಒಂದೇ ಮಾತಿನಲ್ಲಿ: ಅವನ ಅಡ್ಡಹೆಸರು ಹಾಟ್‌ಸ್ಪರ್. ಲಂಡನ್ನಿನ ಟಾಟೆನ್‌ಹ್ಯಾಮ್ ಹಾಟ್‌ಸ್ಪರ್ ಕಾಲ್ಚೆಂಡು ತಂಡಕ್ಕೆ ಆ ಹೆಸರು ಬಂದದ್ದು ಅವನಿಂದಲೇ. ಆ ಸುತ್ತಿನಲ್ಲೂ ಪರ್ಸಿಗಳಿಗೆ ಜಮೀನಿತ್ತು.