ಮೆಣಸಿನ ವ್ಯಾಪಾರಿಯ ಮಕ್ಕಳು, ಲೈನ್ ಮನೆಯ ಹುಡುಗ

ಕೇಳುಗರಿಗೆ ನಮಸ್ಕಾರ. ನಾನು ಕೊಡಗಿನ ಕಾಫಿ ತೋಟವೊಂದರಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವನು. ಹಾಜರಿ ಬರೆಯೋದು, ವಾರದ ಬಟವಾಡೆ ಮಾಡೋದು, ಕೊಟ್ಟ ಅಡ್ವಾನ್ಸ್ ಮುರಿದುಕೊಳ್ಳೋದು, ಇಷ್ಟೇ ನನ್ನ ವಿದ್ಯೆ. ಉಗ್ರವಾದದ ಬಗ್ಗೆ ಮಾತಾಡೋಕೆ ಇವನ್ಯಾರು ಅಂತ ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಈ ವಿಷಯ ನನ್ನ ತಲೆಗೆ ಹೊಕ್ಕಿದ್ದೇ ಕರಿಮೆಣಸಿನ ದೆಸೆಯಿಂದ.

2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಶ್ರೀಲಂಕಾದ ಚರ್ಚುಗಳಲ್ಲಿ, ಕೊಲಂಬೊದ ದೊಡ್ಡ ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಆಗೆಲ್ಲ ನಮ್ಮ ಕಡೆ ಶ್ರೀಲಂಕಾ ಅಂದರೆ ಮೆಣಸಿನ ನೆನಪು. ವಿಯೆಟ್ನಾಂ ಮೆಣಸು ಆ ದಾರಿಯಲ್ಲಿ ಒಳಗೆ ಬಂದು ನಮ್ಮ ದರ ಬಿತ್ತು ಅಂತ ಬೆಳೆಗಾರರು ಬೈಯುತ್ತಿದ್ದ ಕಾಲ ಅದು. ಆಮೇಲೆ ಸುದ್ದಿ ಬಂತು, ಹೋಟೆಲುಗಳಲ್ಲಿ ಬಾಂಬ್ ಸಿಡಿಸಿಕೊಂಡು ಸತ್ತವರಲ್ಲಿ ಇಬ್ಬರು ಅಣ್ಣ ತಮ್ಮಂದಿರು, ಅವರಪ್ಪ ಕೊಲಂಬೊದ ಭಾರಿ ಸಾಂಬಾರ ಪದಾರ್ಥದ ವ್ಯಾಪಾರಿ, ಮನೆಯಂತೂ ಬಂಗಲೆ. ಮಡಿಕೇರಿಯಲ್ಲಿ ಶುಕ್ರವಾರದ ಸಂತೆ ಮುಗಿಸಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಒಬ್ಬ ಬೆಳೆಗಾರರು ಕೇಳಿದರು, "ಅಲ್ಲ ರೈಟರೇ, ಮೆಣಸು ಮಾರೋನ ಮಕ್ಕಳಿಗೆ ಏನು ಕಡಿಮೆಯಾಗಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದ ಮೇಜಿನವರ ಹತ್ತಿರ ಮಾತ್ರ ರೆಡಿ ಇತ್ತು. ಒಬ್ಬರು ಎಲ್ಲಾ ಧರ್ಮದ ಹುಚ್ಚು ಅಂದರು. ಇನ್ನೊಬ್ಬರು ಹೊಟ್ಟೆಗಿಲ್ಲದೆ ಜನ ಹಾಗಾಗ್ತಾರೆ ಅಂದರು, ಬಂಗಲೆಯ ವಿಷಯ ಆಗ ತಾನೇ ಕೇಳಿಸಿಕೊಂಡಿದ್ದರೂ! ಮಾತು ಜೋರಾಗಿ ಹೋಟೆಲಿನವರೇ ಬಂದು ಸುಮ್ಮನಿರಿಸಿದರು.

ಬರೀ ಹಸಿವು ಅನ್ನೋ ಮಾತು ನಿಲ್ಲೋದಿಲ್ಲ. ಬಿನ್ ಲಾಡೆನ್ ಸೌದಿಯ ಶ್ರೀಮಂತ ಕಂಟ್ರಾಕ್ಟರನ ಮಗ. ಅವನ ನಂತರ ಅಲ್ ಖೈದಾ ಗುಂಪು ನಡೆಸಿದ ಜವಾಹಿರಿ ಕೈರೋದ ಸರ್ಜನ್. 2001ರಲ್ಲಿ ಅಮೆರಿಕದ ವಿಮಾನಗಳನ್ನು ಅಪಹರಿಸಿದ 19 ಜನರಲ್ಲಿ ಮುಂದಾಳಾಗಿದ್ದವನು ಜರ್ಮನಿಯಲ್ಲಿ ನಗರ ಯೋಜನೆ ಓದಿದವನು. ಅಲನ್ ಕ್ರೂಗರ್ ಅಂತ ಒಬ್ಬ ಅಮೆರಿಕದ ಅರ್ಥಶಾಸ್ತ್ರಜ್ಞರು 2003ರಲ್ಲಿ ಇದನ್ನು ಲೆಕ್ಕ ಹಾಕಿ ನೋಡಿದರು. ಲೆಬನಾನಿನಲ್ಲಿ ಹೋರಾಡಿ ಸತ್ತ ಹೆಜ್ಬೊಲ್ಲಾ ಅನ್ನೋ ಸಶಸ್ತ್ರ ಗುಂಪಿನ ಯುವಕರು ಸುತ್ತಲಿನ ಜನರಿಗಿಂತ ಬಡವರೇನೂ ಆಗಿರಲಿಲ್ಲ, ಓದಿನಲ್ಲಿ ಒಂದು ಕೈ ಮುಂದೆಯೇ ಇದ್ದರು.

ಅಷ್ಟು ದೂರ ಯಾಕೆ, ನಮ್ಮ ದಿಡ್ಡಳ್ಳಿ ಇಲ್ವಾ? 2016ರ ಡಿಸೆಂಬರ್ ಚಳಿಯಲ್ಲಿ ಕಾಡಿನ ಜಾಗ ಅಂತ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದರು. ಅದಕ್ಕಿಂತ ಕಷ್ಟ ಇನ್ಯಾವುದು? ಆ ಜನ ಅಲ್ಲೇ ಬಯಲಲ್ಲಿ ಕೂತು ಧರಣಿ ಮಾಡಿದರು, ಕೊನೆಗೆ ಬೇರೆ ಕಡೆ ಜಾಗ ಪಡೆದರು. ಬಡತನದಿಂದಲೇ ಉಗ್ರರು ಹುಟ್ಟೋದಾದರೆ ತೋಟದ ಆಳುಗಳು ಸಾಲಾಗಿ ವಾಸ ಮಾಡುವ ಕೊಡಗಿನ ಲೈನ್ ಮನೆಗಳು ಇಷ್ಟು ಹೊತ್ತಿಗೆ ಹೊತ್ತಿ ಉರಿಯಬೇಕಿತ್ತು. ಕೋವಿ ಸಿಗದೆ ಸುಮ್ಮನಿದ್ದಾರೆ ಅನ್ನಬೇಡಿ. ಕೋವಿ ಇರುವ ಮನೆಗಳ ಕಥೆಯೂ ಅಷ್ಟೇ. ಕೈಲ್ ಮುಹೂರ್ತ ಅನ್ನೋ ಆಯುಧದ ಹಬ್ಬಕ್ಕೆ ಹೂವಿಟ್ಟು ಪೂಜೆ ಮಾಡುವ, ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ನಾಡು ಇದು. ಅಷ್ಟು ಕೋವಿ ಇದ್ದೂ ಇಲ್ಲಿ ಯಾರೂ ಪಡೆ ಕಟ್ಟಲಿಲ್ಲ.

ಹಾಗಾದರೆ ಧರ್ಮ ಅನ್ನೋಣವೇ? 1991ರಲ್ಲಿ ರಾಜೀವ್ ಗಾಂಧಿಯವರನ್ನು ಕೊಂದ ಎಲ್‌ಟಿಟಿಇ ದೇವರ ಹೆಸರಲ್ಲಿ ಹೋರಾಡಿದ್ದಲ್ಲ. ನಮ್ಮ ಘಟ್ಟದ ನಕ್ಸಲರಿಗಂತೂ ದೇವರೇ ಬೇಡ. ಅವರ ನಾಯಕರಾಗಿದ್ದ ಸಾಕೇತ್ ರಾಜನ್ ಸೇನಾಧಿಕಾರಿಯ ಮಗ, ಮೈಸೂರಿನಲ್ಲಿ ಓದಿ ದೆಹಲಿಯಲ್ಲಿ ಪತ್ರಿಕೋದ್ಯಮ ಕಲಿತವರು. 2005ರಲ್ಲಿ ಪೊಲೀಸರ ಗುಂಡಿಗೆ ಸತ್ತರು. ಅವರ ಹಿಂದೆ ಹೋದ ಹಳ್ಳಿಯ ಹುಡುಗ ಹುಡುಗಿಯರ ಕಥೆಯೇ ಬೇರೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ ಬಂದರೆ ಮನೆ ಗದ್ದೆ ಬಿಟ್ಟು ಏಳಬೇಕು ಅನ್ನೋ ಭಯ ಅವರದು. ಒಂದೇ ಕಾಡು, ಒಂದೇ ಕೋವಿ. ಮುಂದೆ ನಡೆದವರು ಸಿದ್ಧಾಂತ ಹಿಡಿದು ಬಂದವರು, ಹಿಂದೆ ಅಕ್ಕಿ ಮೂಟೆ ಹೊತ್ತವರಿಗೆ ಮನೆಯದೇ ಚಿಂತೆ. 2025ರ ಜನವರಿಯಲ್ಲಿ ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರಲ್ಲ, ಆ ಮುಖಗಳನ್ನು ಟಿವಿಯಲ್ಲಿ ನೋಡುವಾಗ ನನಗೆ ನಮ್ಮ ತೋಟದ ಹಾಜರಿ ಪುಸ್ತಕದ ಹೆಸರುಗಳೇ ನೆನಪಾದವು.

ಧರ್ಮಕ್ಕೆ ಏನೂ ಪಾಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆ ಮೆಣಸಿನ ವ್ಯಾಪಾರಿಯ ಮಕ್ಕಳನ್ನು ಅಲ್ಲಿವರೆಗೆ ಕರೆದುಕೊಂಡು ಹೋಗಿದ್ದು ಸಾಲವೂ ಅಲ್ಲ, ಹಸಿವೂ ಅಲ್ಲ. ಆದರೆ ಧರ್ಮ ಓದಿದವನೇ ಕೆಡುತ್ತಾನೆ ಅನ್ನೋದೂ ಸುಳ್ಳು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಆಫ್ರಿಕಾದಲ್ಲಿ ಇಂಥ ಗುಂಪುಗಳಿಗೆ ತಾವಾಗಿಯೇ ಸೇರಿದ್ದವರನ್ನು ಕೂರಿಸಿಕೊಂಡು ಕೇಳಿದರು. 2017ರಲ್ಲಿ ಬಂದ ವರದಿ ಅದು. ಅರ್ಧಕ್ಕಿಂತ ಹೆಚ್ಚು ಜನ ಧರ್ಮಗ್ರಂಥ ನಮಗೆ ಅಷ್ಟಾಗಿ ಗೊತ್ತೇ ಇಲ್ಲ ಅಂದರು. ಕನಿಷ್ಠ ಆರು ವರ್ಷ ಸರಿಯಾಗಿ ಧರ್ಮ ಕಲಿತವರು ಸೇರುವ ಸಾಧ್ಯತೆ ಕಡಿಮೆ ಅಂತಲೂ ಕಂಡಿತು. 2023ರಲ್ಲಿ ಮತ್ತೆ ಕೇಳಿದಾಗ ನಾಲ್ಕರಲ್ಲಿ ಒಬ್ಬರು ಕೆಲಸ ಇಲ್ಲದ್ದಕ್ಕೆ ಹೋದೆವು ಅಂದರು. ಅಂದರೆ ಹೊಟ್ಟೆಯ ಪಾಲೂ ಸಣ್ಣದಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು 2017ರ ವರದಿಯ ಇನ್ನೊಂದು ಅಂಕಿ. ಕೊನೆಗೆ ನಿಮ್ಮನ್ನು ಆ ಕಡೆ ತಳ್ಳಿದ್ದು ಏನು ಅಂತ ಕೇಳಿದ್ದಕ್ಕೆ ನೂರಕ್ಕೆ 71 ಜನ ಸರ್ಕಾರದವರು ನಡೆದುಕೊಂಡ ರೀತಿ ಅಂದರು. ಅಣ್ಣನನ್ನು ಕೊಂದರು, ಸ್ನೇಹಿತನನ್ನು ಎತ್ತಿಕೊಂಡು ಹೋದರು, ಇಂಥದ್ದು. ಅದನ್ನು ಓದಿದಾಗ ನನಗೆ ಆಫ್ರಿಕಾ ಕಾಣಲಿಲ್ಲ. ನಮ್ಮ ತೋಟದ ಕಣ ಕಂಡಿತು.

ಬಹಳ ವರ್ಷದ ಹಿಂದಿನ ಮಾತು. ಕಣದಲ್ಲಿ ಒಣಗಿಸಿದ ಮೆಣಸು ಅರ್ಧ ಚೀಲ ಕಡಿಮೆ ಬಂತು. ಕಾವಲಿಗಿದ್ದ ಆಳನ್ನು ಎಲ್ಲರೆದುರು ನಿಲ್ಲಿಸಿ ತೋಟದ ದೊಡ್ಡವರೊಬ್ಬರು ಕೆನ್ನೆಗೆ ಹೊಡೆದರು. ಅವನ ಹದಿನೇಳು ವರ್ಷದ ಮಗ ಅಲ್ಲೇ ಮೆಣಸಿನ ಬುಟ್ಟಿ ಹಿಡಿದುಕೊಂಡು ನಿಂತಿದ್ದ. ಎರಡು ದಿನ ಬಿಟ್ಟು ನೋಡಿದರೆ ಕಳವೂ ಇಲ್ಲ, ಮಣ್ಣೂ ಇಲ್ಲ. ತಪ್ಪಿದ್ದು ನನ್ನ ಪುಸ್ತಕದ ಲೆಕ್ಕ. ನಾನು ಪುಸ್ತಕ ತಿದ್ದಿದೆ. ಹೋಗಿ ಹೇಳಬೇಕಾದವರಿಗೆ ಹೇಳಲಿಲ್ಲ, ಧೈರ್ಯ ಬರಲಿಲ್ಲ. ಹುಡುಗ ಆ ವಾರವೇ ತೋಟ ಬಿಟ್ಟ.

ಹೋದ ವರ್ಷ ಕುಶಾಲನಗರದಲ್ಲಿ ನನ್ನ ಸ್ಕೂಟರ್ ಕೆಟ್ಟು ನಿಂತಿತು. ಗ್ಯಾರೇಜಿನಲ್ಲಿ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಬಂದವನು ಅವನೇ, ಈಗ ತಲೆ ನರೆತಿದೆ. ಗುರುತು ಹಿಡಿದ, ಟೀ ತರಿಸಿದ. ಅಂತೂ ಆ ಲೆಕ್ಕದ ವಿಷಯ ನಾನು ಬಾಯಿಬಿಟ್ಟೆ. ಅವನು ತುಂಬಾ ಹೊತ್ತು ಪ್ಲಗ್ ಉಜ್ಜುತ್ತಾ ಕೂತ. ಆಮೇಲೆ ಹೇಳಿದ, "ಕೂಲಿ ಕಮ್ಮಿ ಅಂತ ನನಗೆ ಯಾವತ್ತೂ ಸಿಟ್ಟು ಬಂದಿರಲಿಲ್ಲ ರೈಟರೇ. ಆವತ್ತು ಮಾತ್ರ ಯಾರು ಬಂದು ಕರೆದಿದ್ರೂ ಹೋಗ್ತಿದ್ದೆ. ಯಾಕೆ, ಎಲ್ಲಿಗೆ ಅಂತಾನೂ ಕೇಳ್ತಿರಲಿಲ್ಲ."

"ಮತ್ತೆ ಯಾರೂ ಕರೀಲಿಲ್ವಾ?" ಅಂದೆ.

"ಕರೆದರು. ಬಸ್ ಸ್ಟ್ಯಾಂಡಲ್ಲಿ ಒಬ್ಬರು, ಲಾರಿ ಪಂಕ್ಚರ್ ಹಾಕ್ತೀಯಾ ಅಂತ."