ಚೋಮನ ದುಡಿ, ನನ್ನ ತಮಟೆ

ಕೇಳುಗರಿಗೆ ನಮಸ್ಕಾರ.

ನಾನು ಬಯಲುಸೀಮೆಯವನು. ಕಾಲೇಜಿನಲ್ಲಿ ಶಿವರಾಮ ಕಾರಂತರ 'ಚೋಮನ ದುಡಿ' ಓದಿದಾಗ ದುಡಿ ಹೇಗಿರುತ್ತದೆ ಅಂತಲೇ ಗೊತ್ತಿರಲಿಲ್ಲ. ಏನೋ ಬಾರಿಸುವ ವಾದ್ಯ, ಅಷ್ಟೇ. ಹಾಗಾಗಿ ಚೋಮ ದುಡಿ ಹಿಡಿದಾಗಲೆಲ್ಲ ನನ್ನ ತಲೆಯೊಳಗೆ ನಮ್ಮೂರ ಮಾರಿಹಬ್ಬದ ತಮಟೆ ಬಡಿಯುತ್ತಿತ್ತು. ಇಡೀ ಕಾದಂಬರಿ ಅದೇ ತಮಟೆಯ ಜೊತೆ ಓದಿ ಮುಗಿಸಿದೆ.

ಆಮೇಲೆ ಸಿನಿಮಾ ನೋಡಿದೆ. ಕಾದಂಬರಿ ಬಂದದ್ದು 1933ರಲ್ಲಿ, ಸಿನಿಮಾ 1975ರಲ್ಲಿ. ನಿರ್ದೇಶಕರು ಬಿ.ವಿ. ಕಾರಂತರು. ಇಬ್ಬರೂ ಕಾರಂತರೇ, ಆದರೆ ಬೇರೆ ಬೇರೆ. ಈಗಲೂ ಒಬ್ಬರೇ ಅಂದುಕೊಂಡವರು ಸಿಗುತ್ತಾರೆ. ಚೋಮನಾಗಿ ಎಂ.ವಿ. ವಾಸುದೇವರಾವ್. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರವೂ ಅದೇ, ಅತ್ಯುತ್ತಮ ನಟರೂ ಅವರೇ.

ಪುಸ್ತಕ ಮೇಲೋ ಸಿನಿಮಾ ಮೇಲೋ ಅಂತ ಜಗಳ ಆಡುವವರು ಸಾಮಾನ್ಯವಾಗಿ ಏನೇನು ಬಿಟ್ಟುಹೋಗಿದೆ ಅಂತ ಲೆಕ್ಕ ಹಾಕುತ್ತಾರೆ. ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂದಾಗ ಆದದ್ದೂ ಅದೇ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಒಂದೇ ಸಿನಿಮಾ. ಬಿಡದೆ ಹೇಗೆ ಸಾಧ್ಯ? ನಾಗರಹಾವು ಕೇರೆಹಾವಾಯಿತು ಅಂತ ತ.ರಾ.ಸು. ಬೇಸರಪಟ್ಟ ಮಾತು ಇಂದಿಗೂ ಓಡಾಡುತ್ತದೆ. ಜನ ಮಾತ್ರ ರಾಮಾಚಾರಿಯನ್ನು ಮನೆಮಗನ ಹಾಗೆ ಇಟ್ಟುಕೊಂಡರು.

ನನಗೆ ಬಿಟ್ಟುಹೋದದ್ದರ ಚಿಂತೆ ಅಷ್ಟಿಲ್ಲ. ಸಿನಿಮಾ ನಮ್ಮಿಂದ ಏನು ಕಿತ್ತುಕೊಳ್ಳುತ್ತದೆ, ಏನು ಮಾಡಿಸುತ್ತದೆ ಅನ್ನುವುದೇ ಕುತೂಹಲ.

ಚೋಮನ ಮಗ ಹೊಳೆಯಲ್ಲಿ ಮುಳುಗುವ ಜಾಗ ನೆನಪಿದೆಯಾ? ದಡದಲ್ಲಿ ಜನ ಇದ್ದಾರೆ. ಈಜು ಬರುತ್ತದೆ. ಆದರೆ ಚೋಮನದು ಅಸ್ಪೃಶ್ಯರೆನಿಸಿಕೊಂಡ ಜಾತಿ, ಹುಡುಗನನ್ನು ಮುಟ್ಟುವಂತಿಲ್ಲ. ಓದುವಾಗ ನಾನು ಆ ಸಾಲುಗಳನ್ನು ಬೇಗ ಬೇಗ ದಾಟಿಬಿಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ, ಹಾಳೆ ತಿರುವಿದರೆ ಸಂಕಟ ಮುಗಿಯುತ್ತದಲ್ವಾ? ಸಿನಿಮಾದಲ್ಲಿ ಆ ಸೌಲಭ್ಯ ಇಲ್ಲ. ಹುಡುಗ ಮುಳುಗುವಷ್ಟು ಹೊತ್ತೂ ಸುಮ್ನೆ ಕೂತಿರಬೇಕು, ದಡದಲ್ಲಿ ನಿಂತವರ ಹಾಗೇ. ಈ ಒಂದು ಕೆಲಸ ಪುಸ್ತಕದಿಂದ ಆಗುವುದಿಲ್ಲ ಅಂತ ಅವತ್ತು ಅನ್ನಿಸಿತು.

ಇನ್ನೊಂದು ಕಡೆ ಪುಸ್ತಕವೇ ಜಾಸ್ತಿ. ಚೋಮನಿಗೆ ತನ್ನದೇ ಅಂತ ಒಂದು ತುಂಡು ನೆಲ ಉಳುವ ಆಸೆ. ಎತ್ತಿನ ಜೋಡಿ ಇದೆ, ಭೂಮಿ ಇಲ್ಲ. ಧಣಿಯ ಹತ್ತಿರ ಕೇಳಲೋ ಬೇಡವೋ ಅಂತ ಅವನು ಒಳಗೊಳಗೇ ಬೇಯುವುದನ್ನು ಕಾದಂಬರಿ ಪಕ್ಕದಲ್ಲೇ ಕೂತು ಹೇಳುತ್ತದೆ. ಸಿನಿಮಾದಲ್ಲಿ ವಾಸುದೇವರಾವ್ ಮುಖ ನೋಡಿ ನಾವೇ ಊಹಿಸಿಕೊಳ್ಳಬೇಕು. ಅವರ ಮುಖಕ್ಕೆ ಆ ಶಕ್ತಿ ಇತ್ತು, ಬಿಡಿ.

ಕೊನೆಗೆ ಚೋಮ ಎತ್ತುಗಳನ್ನು ಬಿಟ್ಟು, ಗುಡಿಸಲಿನ ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತಾನೆ. ಜೀವ ಹೋಗುವವರೆಗೂ. ಅಲ್ಲಿ ಮೊದಲ ಸಲ ದುಡಿಯ ಸದ್ದು ಗಮನವಿಟ್ಟು ಕೇಳಿದೆ. ತಮಟೆಯ ಹಾಗಿರಲಿಲ್ಲ. ನಮ್ಮೂರ ತಮಟೆಯಲ್ಲಿ ಹಬ್ಬ ಇತ್ತು, ಜನ ಇದ್ದರು. ಇಲ್ಲಿ ಮುಚ್ಚಿದ ಬಾಗಿಲ ಹಿಂದೆ ಒಬ್ಬನೇ ಮನುಷ್ಯ.

ಮೊನ್ನೆ ಕಾದಂಬರಿ ಮತ್ತೆ ತೆಗೆದೆ. ನನ್ನ ಹಳೆಯ ತಮಟೆ ಕೇಳಿಸುತ್ತದಾ ಅಂತ ಕೊನೆಯ ಪುಟವನ್ನು ನಾಲ್ಕು ಸಲ ಓದಿದೆ. ಇಲ್ಲ, ಕೇಳಿಸಲಿಲ್ಲ.

ನಮಸ್ಕಾರ.