ಹಿಂಡಿಟ್ಟ ಎದೆಹಾಲು ಮತ್ತು ಅದರ ಕೆನೆ

ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ನಮ್ಮ ಹಾಸನ ಜಿಲ್ಲೆಯಲ್ಲಿ ಹಾಲಿನ ಮಾತು ಬಂದರೆ ಅದರ ಹಿಂದೆಯೇ ಜಿಡ್ಡಿನ ಮಾತೂ ಬರುತ್ತದೆ. ಡೇರಿಗೆ ಹಾಲು ಹಾಕಿ ಬಂದವರನ್ನು ಮನೆಯಲ್ಲಿ ಮೊದಲು ಕೇಳುವುದು, 'ಇವತ್ತು ಫ್ಯಾಟ್ ಎಷ್ಟು ಬಂತು' ಎಂದೇ. ಹಾಸನ, ಚಿಕ್ಕಮಗಳೂರು ಮತ್ತು ಕೊಡಗಿನ ಹಳ್ಳಿಗಳ ಸಹಕಾರ ಸಂಘಗಳಿಂದ ಹಾಸನ ಹಾಲು ಒಕ್ಕೂಟಕ್ಕೆ ಹೋಗುವ ಹಾಲನ್ನು ಅದರಲ್ಲಿರುವ ಜಿಡ್ಡು ಮತ್ತು ಜಿಡ್ಡೇತರ ಘನಾಂಶಗಳಿಂದಲೇ ಅಳೆಯುತ್ತಾರೆ. ಹಸು, ಎಮ್ಮೆಗಳ ಹಾಲಿಗೆ ಈ ಅಳತೆ ಸರಿಯೇ. ಆದರೆ ಇದೇ ಕಣ್ಣಿನಿಂದ ಬಾಣಂತಿಯ ಹಾಲನ್ನು ನೋಡಿ, 'ಇದು ನೀರ್ನೀರಾಗಿದೆ, ಮಗುವಿಗೆ ಸಾಲದು' ಎಂದು ತೀರ್ಪು ಕೊಡುವವರೂ ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ. ಮಗು ಎದೆ ಕಚ್ಚಿ ಕುಡಿಯುತ್ತಿದ್ದಷ್ಟು ಕಾಲ ಆ ಹಾಲಿನ ಬಣ್ಣವನ್ನು ಯಾರೂ ನೋಡುತ್ತಿರಲಿಲ್ಲ. ಹೆರಿಗೆ ರಜೆ ಮುಗಿಸಿ ಶಾಲೆಗೋ, ಬ್ಯಾಂಕಿಗೋ, ಗಾರ್ಮೆಂಟ್ಸಿಗೋ ಮರಳಿದ ತಾಯಂದಿರು ಕೈಯಿಂದಲೋ ಪಂಪಿನಿಂದಲೋ ಹಾಲು ಹಿಂಡಿ ಫ್ರಿಜ್ಜಿನಲ್ಲಿಡಲು ತೊಡಗಿದ ಮೇಲೆ, ಅದು ಮನೆಮಂದಿಯೆಲ್ಲರ ಕಣ್ಣಿಗೆ ಬೀಳತೊಡಗಿದೆ. ಆದ್ದರಿಂದ ಅಲ್ಲಿ ಕಾಣುವುದೇನು, ಅದರ ಅರ್ಥವೇನು ಎಂಬುದನ್ನು ಇಂದು ಸ್ವಲ್ಪ ವಿವರವಾಗಿ ಹೇಳಬೇಕೆಂದುಕೊಂಡಿದ್ದೇನೆ.

ಹಿಂಡಿದ ಹಾಲನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೇಲೆ ತುಸು ಹಳದಿ ಬಣ್ಣದ, ಮಂದವಾದ ಒಂದು ಪದರವಿರುತ್ತದೆ. ಅದರ ಕೆಳಗೆ ನೀಲಿಯ ಛಾಯೆಯುಳ್ಳ ತೆಳ್ಳನೆಯ ಹಾಲು ಇರುತ್ತದೆ. ಬಾಟಲಿಯನ್ನು ಓರೆ ಮಾಡಿದರೆ ಮೇಲಿನ ಪದರದ ಸ್ವಲ್ಪ ಭಾಗ ಗಾಜಿಗೆ ಅಂಟಿಕೊಂಡು ಹಾಗೆಯೇ ಉಳಿಯುತ್ತದೆ. ಮೊದಲ ಬಾರಿಗೆ ಇದನ್ನು ಕಂಡವರು ಹಾಲು ಒಡೆಯಿತೆಂದು ತಿಳಿದು ಚೆಲ್ಲುವುದುಂಟು. ಹಾಲು ಒಡೆದಿರುವುದಿಲ್ಲ, ಕೆನೆ ಮೇಲೆ ಬಂದಿರುತ್ತದೆ, ಅಷ್ಟೆ. ಎದೆಹಾಲಿನ ಜಿಡ್ಡು ಕಣ್ಣಿಗೆ ಕಾಣದಷ್ಟು ಚಿಕ್ಕ ಹನಿಗಳಾಗಿ, ಒಂದೊಂದು ಹನಿಯೂ ತನ್ನದೇ ತೆಳುಪೊರೆಯನ್ನು ಸುತ್ತಿಕೊಂಡು, ನೀರಿನಂಶದಲ್ಲಿ ಹರಡಿಕೊಂಡಿರುತ್ತದೆ. ಜಿಡ್ಡು ನೀರಿಗಿಂತ ಹಗುರವಾದುದರಿಂದ ಹಾಲನ್ನು ಕದಲಿಸದೆ ಇಟ್ಟಾಗ ಈ ಹನಿಗಳು ನಿಧಾನವಾಗಿ ಮೇಲೇರುತ್ತವೆ, ತಣ್ಣಗಾದಂತೆ ಗಟ್ಟಿಯಾಗುತ್ತವೆ. ಕಾರ್ಖಾನೆಯಲ್ಲಿ ಹೋಮೋಜನೈಸ್ ಮಾಡಿದ ಹಾಲಿನಲ್ಲಿ ಒತ್ತಡ ಹಾಕಿ ಈ ಹನಿಗಳನ್ನು ಇನ್ನೂ ನುಣ್ಣಗೆ ಒಡೆದಿರುತ್ತಾರೆ, ಹಾಗಾಗಿ ಅಲ್ಲಿ ಕೆನೆ ಬೇರೆಯಾಗುವುದಿಲ್ಲ. ತಾಯಿಯ ಹಾಲಿಗೆ ಅಂಥ ಸಂಸ್ಕರಣೆಯೇನೂ ಆಗಿರುವುದಿಲ್ಲವಷ್ಟೆ.

ಇನ್ನು ತೆಳ್ಳಗಿದೆ ಎಂಬ ದೂರಿನ ವಿಷಯ. 100 ಮಿಲಿಲೀಟರ್ ಎದೆಹಾಲಿನಲ್ಲಿ ಸಾಮಾನ್ಯವಾಗಿ 3ರಿಂದ 5 ಗ್ರಾಂ ಜಿಡ್ಡು, ಸುಮಾರು 7 ಗ್ರಾಂ ಲ್ಯಾಕ್ಟೋಸ್ ಎಂಬ ಸಕ್ಕರೆ, ಸುಮಾರು 1 ಗ್ರಾಂ ಪ್ರೋಟೀನು ಇರುತ್ತವೆ. ಮಿಕ್ಕದ್ದು ಬಹುಪಾಲು ನೀರು. ಅದರಿಂದ ಸಿಗುವ 65ರಿಂದ 70 ಕ್ಯಾಲೊರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಿಡ್ಡಿನಿಂದಲೇ ಬರುತ್ತದೆ. ಜಿಡ್ಡಿನ ಲೆಕ್ಕದಲ್ಲಿ ಎದೆಹಾಲು ಹಸುವಿನ ಹಾಲಿಗೆ ಸಮನಾಗಿಯೇ ನಿಲ್ಲುತ್ತದೆ ಎಂಬುದು ಡೇರಿಗೆ ಹಾಲು ಹಾಕುವ ಮನೆಯವರಿಗೂ ಅಚ್ಚರಿ ತರುವ ಸಂಗತಿ. ಹಾಗಿದ್ದರೂ ಅದು ತೆಳ್ಳಗೆ ಕಾಣುವುದು ಏಕೆಂದರೆ, ಹಸುವಿನ ಹಾಲಿಗೆ ಆ ಗಾಢ ಬಿಳುಪನ್ನು ಕೊಡುವುದರಲ್ಲಿ ಕೇಸೀನ್ ಎಂಬ ಪ್ರೋಟೀನಿನ ಪಾಲು ದೊಡ್ಡದು, ಮತ್ತು ಆ ಕೇಸೀನ್ ಎದೆಹಾಲಿನಲ್ಲಿ ಬಹಳ ಕಡಿಮೆ. ಹುಟ್ಟಿದ ಕೆಲವೇ ವಾರಗಳಲ್ಲಿ ತೂಕ ಇಮ್ಮಡಿಯಾಗಬೇಕಾದ ಕರುವಿಗೆ ಅಷ್ಟು ಪ್ರೋಟೀನು ಬೇಕು. ಅದೇ ಬೆಳವಣಿಗೆಗೆ ನಾಲ್ಕೈದು ತಿಂಗಳು ತೆಗೆದುಕೊಳ್ಳುವ ನಮ್ಮ ಕೂಸಿಗೆ ಬೇಡ. ಎದೆಹಾಲು ತೆಳುವೆಂದು ನಂಬಿ ಎರಡನೆಯ ತಿಂಗಳಲ್ಲೇ ಹಸುವಿನ ಹಾಲು ಹಿಡಿಸಿದರೆ ಎಳೆಯ ಮೂತ್ರಪಿಂಡಗಳ ಮೇಲೆ ಹೊರೆ ಬೀಳುತ್ತದೆ, ಕಬ್ಬಿಣಾಂಶದ ಕೊರತೆಯೂ ಉಂಟಾಗುತ್ತದೆ. ಒಂದು ವರ್ಷ ತುಂಬುವವರೆಗೆ ಅದನ್ನು ಎದೆಹಾಲಿನ ಬದಲಿಗೆ ಕೊಡಬಾರದು.

ಒಬ್ಬಳೇ ತಾಯಿಯ ಹಾಲಿನಲ್ಲಿಯೂ ಜಿಡ್ಡು ಒಂದೇ ಸಮನೆ ಇರುವುದಿಲ್ಲ ಎಂಬುದು ಈ ವಿಷಯದಲ್ಲಿ ಬಹಳ ಮುಖ್ಯವಾದ ಅಂಶ. ಎದೆ ತುಂಬಿದ್ದಾಗ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಕಡಿಮೆ. ಎದೆ ಬರಿದಾಗುತ್ತ ಬಂದಂತೆ ಹೆಚ್ಚು. ಜಿಡ್ಡಿನ ಹನಿಗಳು ಹಾಲಿನ ನಾಳಗಳ ಗೋಡೆಗೆ ಅಂಟಿಕೊಂಡಿದ್ದು, ಹಾಲು ಹರಿದಂತೆಲ್ಲ ಸಡಿಲಗೊಂಡು ಹೊರಬರುತ್ತವೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಇದನ್ನೇ ಮುಂದಿನ ಹಾಲು, ಹಿಂದಿನ ಹಾಲು ಎಂದು ಕರೆಯುವುದು ರೂಢಿಯಾಗಿದ್ದರೂ, ಎದೆಯೊಳಗೆ ಎರಡು ಬಗೆಯ ಹಾಲು ಬೇರೆ ಬೇರೆಯಾಗಿ ತಯಾರಾಗುತ್ತದೆ ಎಂದು ತಿಳಿಯಬಾರದು. ಇಂಥ ನಿಮಿಷದಿಂದ ಗಟ್ಟಿ ಹಾಲು ಶುರುವಾಗುತ್ತದೆ ಎಂದು ಗಡಿಯಾರ ಹಿಡಿದು ಕೂರುವುದಂತೂ ಅನಗತ್ಯ. ಏರಿಕೆ ಮೆಲ್ಲಮೆಲ್ಲನೆ ಆಗುತ್ತದೆ, ಮತ್ತು ಎದೆ ಎಷ್ಟು ಬರಿದಾಗಿದೆ ಎಂಬುದನ್ನು ಅವಲಂಬಿಸಿರುತ್ತದೆ.

ಒಮ್ಮೆ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಆಲೂರಿನ ಕಡೆಯ ಒಬ್ಬ ಅಜ್ಜಿ ಸೊಸೆಯನ್ನೂ ಮೊಮ್ಮಗುವನ್ನೂ ಕರೆತಂದಿದ್ದರು. ಅವರ ಚೀಲದಲ್ಲಿ ಎರಡು ಬಾಟಲಿಗಳಿದ್ದವು. ಒಂದರಲ್ಲಿ ಹಾಲು ಹೆಚ್ಚು, ಕೆನೆ ತೆಳು. ಇನ್ನೊಂದರಲ್ಲಿ ಹಾಲು ಕಾಲು ಭಾಗವೂ ಇಲ್ಲ, ಕೆನೆ ಮಾತ್ರ ದಪ್ಪ. 'ಡಾಕ್ಟ್ರೇ, ಬೆಳಗ್ಗೆದು ಹಿಂಗೈತೆ, ಸಂಜೆದು ಹಂಗೈತೆ. ಇವಳು ಬೆಳಗ್ಗೆ ಏನೂ ತಿನ್ನಕಿಲ್ಲ, ಅದಕ್ಕೇ' ಎಂದು ಅವರು ಕಾರಣವನ್ನೂ ತಾವೇ ಹೇಳಿದರು. ಅಜ್ಜಿ ಗಮನಿಸಿದ್ದು ನಿಜವೇ ಆಗಿತ್ತು, ಕೊಟ್ಟ ಕಾರಣ ಮಾತ್ರ ಬೇರೆ. ರಾತ್ರಿ ಮಗು ನಿದ್ದೆ ಹೋಗಿ ಎದೆ ಬಹಳ ಹೊತ್ತು ತುಂಬಿಕೊಂಡಿದ್ದರೆ ಬೆಳಗಿನ ಹಾಲು ಹೆಚ್ಚಾಗಿಯೂ ತೆಳ್ಳಗೂ ಬರುತ್ತದೆ. ಸಂಜೆ ಮಗು ಮತ್ತೆ ಮತ್ತೆ ಕುಡಿಯುವುದರಿಂದ ಎದೆ ತುಂಬಲು ಸಮಯವೇ ಸಿಗದೆ, ಬರುವ ಸ್ವಲ್ಪ ಹಾಲು ಗಟ್ಟಿಯಾಗಿರುತ್ತದೆ. ಮಗು ತನಗೆ ಬೇಕೆಂದಾಗಲೆಲ್ಲ ಹೊಟ್ಟೆ ತುಂಬ ಕುಡಿಯುತ್ತಿದ್ದರೆ ದಿನದ ಕೊನೆಗೆ ಈ ಏರಿಳಿತಗಳೆಲ್ಲ ಸರಿಹೋಗಿ ಅದಕ್ಕೆ ಬೇಕಾದಷ್ಟು ಜಿಡ್ಡು ದೊರಕುತ್ತದೆ. ಹಿಂಡಿಟ್ಟು ಹೋಗುವ ತಾಯಂದಿರು ಎದೆ ಹಗುರಾಗುವವರೆಗೆ ಹಿಂಡಬೇಕು ಎಂದು ನಾವು ಹೇಳುವುದೂ ಇದೇ ಕಾರಣಕ್ಕೆ. ಗಡಿಬಿಡಿಯಲ್ಲಿ ಐದು ನಿಮಿಷ ಹಿಂಡಿ ಎದ್ದರೆ ಜಿಡ್ಡಿನ ಪಾಲು ಒಳಗೇ ಉಳಿಯುತ್ತದೆ. ಹಿಂಡುವಾಗ ಎದೆಯನ್ನು ಕೈಯಿಂದ ಮೃದುವಾಗಿ ಒತ್ತಿ ನೀವುತ್ತಿದ್ದರೆ ಹಾಲೂ ಹೆಚ್ಚು ಬರುತ್ತದೆ, ಜಿಡ್ಡೂ ಹೆಚ್ಚು ಬರುತ್ತದೆ.

ತುಪ್ಪ ತಿಂದರೆ ಹಾಲು ಗಟ್ಟಿಯಾಗುವುದೇ ಎಂದು ಕೇಳುವವರಿಗೆ ಒಂದು ಮಾತು. ತಾಯಿ ತಿನ್ನುವ ಆಹಾರದಿಂದ ಹಾಲಿನ ಜಿಡ್ಡು ಯಾವ ಬಗೆಯದು ಎಂಬುದು ಬದಲಾಗುತ್ತದೆ. ಉದಾಹರಣೆಗೆ, ಮೀನು ತಿನ್ನುವವರ ಹಾಲಿನಲ್ಲಿ ಮಿದುಳಿನ ಬೆಳವಣಿಗೆಗೆ ಬೇಕಾದ ಕೆಲವು ಕೊಬ್ಬಿನಾಮ್ಲಗಳು ಹೆಚ್ಚಿರುತ್ತವೆ. ಜಿಡ್ಡಿನ ಒಟ್ಟು ಪ್ರಮಾಣ ಮಾತ್ರ ಅಷ್ಟಾಗಿ ಬದಲಾಗುವುದಿಲ್ಲ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆ ಬಾಣಂತಿಯ ತಟ್ಟೆಯಲ್ಲಿ ಇರಲಿ. ಅವು ಅವಳ ಶಕ್ತಿಗಾಗಿ ಎಂದು ತಿಳಿದು ಬಡಿಸಿದರೆ ಸಾಕು.

ಎದೆಹಾಲಿನ ಜಿಡ್ಡನ್ನು ಅಳೆಯುವ ವಿಧಾನವೂ ಇಲ್ಲದಿಲ್ಲ. 1978ರಲ್ಲಿ ಇಂಗ್ಲೆಂಡಿನ ವೈದ್ಯರು ಪ್ರಕಟಿಸಿದ ಕ್ರೀಮಟೋಕ್ರಿಟ್ ಎಂಬ ಪರೀಕ್ಷೆಯಲ್ಲಿ, ಕೂದಲೆಳೆಯಂಥ ಗಾಜಿನ ನಳಿಗೆಯಲ್ಲಿ ಕೆಲವೇ ಹನಿ ಹಾಲನ್ನು ತುಂಬಿ ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಒಂದು ಕಡೆ ಸೇರಿದ ಕೆನೆಯ ಉದ್ದವನ್ನು ಅಳೆದು ಜಿಡ್ಡನ್ನು ಲೆಕ್ಕ ಹಾಕುತ್ತಾರೆ. ಇದು ಅವಧಿಗೆ ಮುನ್ನ ಹುಟ್ಟಿದ, ತೂಕ ಏರದ ಶಿಶುಗಳ ಆರೈಕೆಯಲ್ಲಿ ಪ್ರಯೋಜನಕ್ಕೆ ಬರುವ ಪರೀಕ್ಷೆ. ಆರೋಗ್ಯವಾಗಿರುವ ಮಗುವಿನ ತಾಯಿ ತನ್ನ ಹಾಲನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದ ಅಗತ್ಯ ಯಾವುದೂ ಇಲ್ಲ, ಏಕೆಂದರೆ ಒಂದು ಹೊತ್ತಿನ ಹಾಲಿನ ಅಂಕಿಯಿಂದ ದಿನದ ಹಾಲು ಹೇಗಿದೆಯೆಂದು ತಿಳಿಯದು. ಮಗುವೇ ಅದನ್ನು ಹೇಳುತ್ತದೆ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಬಾರಿಯಾದರೂ ಚೆನ್ನಾಗಿ ಮೂತ್ರ ಮಾಡುವ, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳಿ ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸರಾಸರಿ 20ರಿಂದ 30 ಗ್ರಾಂನಂತೆ ಹೆಚ್ಚುವ ಮಗುವಿಗೆ ಹಾಲು ಸಾಕಷ್ಟಿದೆ, ಜಿಡ್ಡೂ ಸಾಕಷ್ಟಿದೆ. ತಾಯಿ ಕಾರ್ಡಿನಲ್ಲಿ ಬರೆದ ತೂಕದ ಗೆರೆ ಏರದೆ ನಿಂತರೆ ಮಗುವನ್ನು ವೈದ್ಯರಿಗೆ ತೋರಿಸಬೇಕು, ಬಾಟಲಿಯನ್ನಲ್ಲ.

ಜಿಡ್ಡಿನ ಬಗ್ಗೆ ನಿಜವಾಗಿಯೂ ಎಚ್ಚರ ವಹಿಸಬೇಕಾದದ್ದು ಕುಡಿಸುವ ಹೊತ್ತಿನಲ್ಲಿ. ಫ್ರಿಜ್ಜಿನಿಂದ ತೆಗೆದ ಹಾಲನ್ನು ಹಾಗೆಯೇ ಬಗ್ಗಿಸಿದರೆ ಮೇಲಿನ ಕೆನೆ ಪಾತ್ರೆಗೆ ಅಂಟಿಕೊಂಡು ಉಳಿಯುತ್ತದೆ, ಮಗುವಿಗೆ ಹೋಗಬೇಕಾದ ಶಕ್ತಿಯ ಒಂದು ಭಾಗ ಪಾತ್ರೆ ತೊಳೆದ ನೀರಿನೊಂದಿಗೆ ಹೋಗುತ್ತದೆ. ಆದ್ದರಿಂದ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಕೆಲವು ನಿಮಿಷ ಇಟ್ಟು, ಗೋಡೆಗೆ ಅಂಟಿದ ಕೆನೆ ಕರಗಿ ಜಾರುವವರೆಗೆ ಮೆಲ್ಲಗೆ ಸುತ್ತಿಸಬೇಕು. ಜೋರಾಗಿ ಕುಲುಕಿದರೆ ಹಾಲಿನ ಸತ್ವವೇ ಹಾಳಾಗುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ನೊರೆಯೆದ್ದು ಮಗುವಿನ ಹೊಟ್ಟೆಗೆ ಗಾಳಿ ಹೋಗುತ್ತದೆ ಎಂಬ ಕಾರಣಕ್ಕೆ ಬೇಡವೆನ್ನುತ್ತೇವೆ. ಒಲೆಯ ಮೇಲೆ ಕುದಿಸುವುದಾಗಲಿ, ಮೈಕ್ರೋವೇವಿನಲ್ಲಿ ಕಾಯಿಸುವುದಾಗಲಿ ಸಲ್ಲದು. ಮೈಕ್ರೋವೇವಿನಲ್ಲಿ ಕಾಯಿಸಿದ ಹಾಲು ಅಲ್ಲಲ್ಲಿ ಬಾಯಿ ಸುಡುವಷ್ಟು ಬಿಸಿಯಾಗಿರುತ್ತದೆ. ನಮ್ಮ ಹಿರಿಯರ ಒಳಲೆ, ಅಂದರೆ ಮಗುವಿಗೆ ಹಾಲು ಕುಡಿಸುವ ಮೂತಿಯುಳ್ಳ ಪುಟ್ಟ ಬಟ್ಟಲು, ಈ ಕೆಲಸಕ್ಕೆ ಬಲು ಚೆನ್ನ. ಅದರ ನುಣುಪಾದ ಒಳಮೈ ತೊಳೆಯಲು ಸುಲಭ, ಎಷ್ಟು ಕೆನೆ ಅಂಟಿ ಉಳಿದಿದೆಯೆಂಬುದೂ ಕಣ್ಣಿಗೆ ಕಾಣುತ್ತದೆ. ನವಜಾತ ಶಿಶುಗಳ ನಿಗಾ ಘಟಕದಲ್ಲಿ ಕೊಳವೆಯ ಮೂಲಕ ಹಾಲು ಕುಡಿಯುವ ಪುಟ್ಟ ಶಿಶುಗಳಿಗಂತೂ ಈ ನಷ್ಟ ಸಣ್ಣದಲ್ಲ: ಹಾಲು ನಿಧಾನವಾಗಿ ಇಳಿದಷ್ಟೂ ಜಿಡ್ಡು ಕೊಳವೆಗೂ ಸಿರಿಂಜಿಗೂ ಅಂಟುತ್ತದೆ. ಅಲ್ಲಿನ ದಾದಿಯರು ಸಿರಿಂಜಿನ ತುದಿ ಮೇಲ್ಮುಖವಾಗಿರುವಂತೆ ಇಡುವುದು, ಮೇಲೇರುವ ಕೆನೆ ಮೊದಲು ಮಗುವಿಗೆ ಹೋಗಲೆಂದು.

ಕೆಲವು ತಾಯಂದಿರ ಹಾಲು ಒಂದೆರಡು ದಿನ ಇಟ್ಟ ಮೇಲೆ ಸಾಬೂನಿನಂಥ ವಾಸನೆ ಬರುತ್ತದೆ. ಹಾಲಿನಲ್ಲಿಯೇ ಇರುವ ಲೈಪೇಸ್ ಎಂಬ ಕಿಣ್ವ ಜಿಡ್ಡನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸುವುದೇ ಇದಕ್ಕೆ ಕಾರಣವೆನ್ನುತ್ತಾರೆ. ಇದರಿಂದ ಅಪಾಯವಿಲ್ಲ, ಬಹಳಷ್ಟು ಮಕ್ಕಳು ತಕರಾರಿಲ್ಲದೆ ಕುಡಿಯುತ್ತವೆ. ಮಗು ಮುಖ ತಿರುಗಿಸಿದರೆ ಅಂಥ ಹಾಲನ್ನು ಹೆಚ್ಚು ದಿನ ಇಡದೆ ಬೇಗ ಬಳಸುವುದು ಲೇಸು. ನಿಜವಾಗಿ ಕೆಟ್ಟ ಹಾಲು ಹುಳಿವಾಸನೆ ಹೊಡೆಯುತ್ತದೆ, ಬೆಚ್ಚಗೆ ಮಾಡಿ ಸುತ್ತಿಸಿದರೂ ಕೂಡಿಕೊಳ್ಳದೆ ಗಂಟುಗಂಟಾಗಿಯೇ ಉಳಿಯುತ್ತದೆ. ಅದನ್ನು ಚೆಲ್ಲಬೇಕು.

ಆಗತಾನೆ ಹಿಂಡಿದ ಹಾಲನ್ನು 25 ಡಿಗ್ರಿಯವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 4 ದಿನ, ಫ್ರೀಜರಿನಲ್ಲಿ 6 ತಿಂಗಳವರೆಗೆ ಇಡಬಹುದು. ಬಾಗಿಲಿನ ಅರೆಯಲ್ಲಿ ಇಡಬೇಡಿ. ಮಗು ಬಾಯಿಟ್ಟು ಬಿಟ್ಟ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆಯ ಕಡೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಅಂಥ ದಿನ ಫ್ರೀಜರಿನ ಬಾಗಿಲನ್ನು ಪದೇ ಪದೇ ತೆರೆಯದೆ ಇರುವುದೇ ಮೊದಲ ಉಪಾಯ. ಕರೆಂಟು ಬಂದ ಮೇಲೆ ತೆಗೆದು ನೋಡಿದಾಗ ಹಾಲಿನಲ್ಲಿ ಇನ್ನೂ ಮಂಜಿನ ಹರಳುಗಳಿದ್ದರೆ ಮತ್ತೆ ಹೆಪ್ಪುಗಟ್ಟಿಸಬಹುದು. ಪೂರ್ತಿ ಕರಗಿದ್ದು ಇನ್ನೂ ತಣ್ಣಗಿದ್ದರೆ ಫ್ರಿಜ್ಜಿಗೆ ವರ್ಗಾಯಿಸಿ 24 ಗಂಟೆಯೊಳಗೆ ಕುಡಿಸಿ. ಹೀಗೆ ಕರಗಿದ ಹಾಲಿನ ಮೇಲೆ ಎಣ್ಣೆಯಂಥ ಸಣ್ಣ ಹನಿಗಳು ತೇಲುವುದುಂಟು. ಹೆಪ್ಪುಗಟ್ಟುವಾಗ ಜಿಡ್ಡಿನ ಪೊರೆಗಳು ಒಡೆದಿರುವುದರಿಂದ ಹಾಗಾಗುತ್ತದೆ, ಅದನ್ನೂ ಸುತ್ತಿಸಿ ಕೂಡಿಸಿ ಕುಡಿಸಬಹುದು.

ನಮಸ್ಕಾರ.